ಕಿಳವಿಯ ಸುಳ್ಳು

ಮೆಷಿನ್ ಶಾಪಿಗೆ ಹೊಸದಾಗಿ ಸೇರಿದ ಹುಡುಗರು ಸಿ.ವಿ. ರಾಮನ್ ನಗರದ ಟೀ ಅಂಗಡಿಯಲ್ಲಿ ಸಿಕ್ಕಾಗ ನನ್ನನ್ನು ಕೇಳುವುದು ಲೇತ್ ಕೆಲಸದ ಬಗ್ಗೆಯಲ್ಲ. "ಅಂಕಲ್, ಇರೋ ಕೆಲಸ ಬಿಡ್ದೆ ಇನ್ನೊಂದು ಹುಡ್ಕೋದು ಹೆಂಗೆ? ಓನರ್‌ಗೆ ಗೊತ್ತಾಗ್ಬಾರ್ದು" ಎನ್ನುತ್ತಾರೆ. ಕೈಗಿನ್ನೂ ಎಣ್ಣೆಯ ಬಣ್ಣ ಹತ್ತಿರುವುದಿಲ್ಲ, ಆಗಲೇ ಈ ಪ್ರಶ್ನೆ. ನಾನು ಬೈಯುವುದಿಲ್ಲ. ಹೊಟ್ಟೆಪಾಡು ಅವರವರದು. ಆದರೆ ಒಂದು ಮಾತಿನಲ್ಲಿ ಉತ್ತರ ಹೇಳಲಾರೆ. ನಾನೂ ಒಮ್ಮೆ ಹಾಗೆ ಹುಡುಕಿದವನು. ಸಿಕ್ಕಿತು ಕೂಡ. ಸಿಕ್ಕಿದ್ದು ಹೇಗೆ ಎಂಬುದನ್ನು ಇಷ್ಟು ವರ್ಷ ಮನೆಯಲ್ಲೂ ಹೇಳಿರಲಿಲ್ಲ. ಹೇಳಬೇಡ ಎಂದು ಕೇಳಿಕೊಂಡಿದ್ದವರು ಈಗಿಲ್ಲ. ಯಾರಿಗೆ ಹೇಳಬಾರದಿತ್ತೋ ಅವಳೂ ಈಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಗ್ಗದಾಸಪುರದವನು, ಅದು ಹಳ್ಳಿಯಾಗಿದ್ದಾಗ ಹುಟ್ಟಿದವನು. ಹೆಸರು ಮುನಿರಾಜು. ಅಪ್ಪ ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲ ಲೇಔಟಿಗೆ ಹೋಯಿತು, ನಮ್ಮ ಮನೆಯವರು ಕೋರ್ಟು ಹತ್ತಿದರು, ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ದುಡಿದು ತಿಂದಿದ್ದೇನೆ, ಯಾರ ಬಾಗಿಲಲ್ಲೂ ಕೈಕಟ್ಟಿ ನಿಂತಿಲ್ಲ. ನಿಂತದ್ದು ಒಂದು ಕಾಲದಲ್ಲಿ ಮಾತ್ರ, ಅದನ್ನೂ ಮುಂದೆ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಮಾಣಿಕ್ಯಂ ಮೇಸ್ತ್ರಿ. ಹಲಸೂರು ಬಜಾರಿನ ಹಿಂದಿನ ಓಣಿಯಲ್ಲಿ ಅವರ ವರ್ಕ್‌ಶಾಪ್. ಕೆಳಗೆ ಮೆಷಿನ್ನು, ಮೇಲೆ ಮನೆ. ಮದುವೆಯಾಗದ ತಂಗಿ ಸೆಲ್ವಿಯಕ್ಕ ಅಡುಗೆ ಮಾಡಿಹಾಕುತ್ತಿದ್ದರು, ಸಾಂಬಾರಿನ ಒಗ್ಗರಣೆ ಕೆಳಗೆ ಬಂದರೆ ಊಟದ ಹೊತ್ತಾಯಿತು ಎಂದು ಲೆಕ್ಕ. ಮೇಸ್ತ್ರಿಗೆ ಮನೆಮಾತು ತಮಿಳು, ನನ್ನೊಡನೆ ತಮ್ಮದೇ ಒಂದು ಕನ್ನಡ. ಓನರ್ ಅವರೇ ಆದರೂ ನಾನೆಂದೂ ಓನರ್ ಎನ್ನಲಿಲ್ಲ. ಮೇಸ್ತ್ರಿ ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತು.

ಅಲ್ಲಿದ್ದದ್ದು ಒಂದೇ ಲೇತು, ಯಾವ ಕಾಲದ್ದೋ. ಮೇಸ್ತ್ರಿ ಅದನ್ನು 'ಕಿಳವಿ' ಎಂದು ಕರೆಯುತ್ತಿದ್ದರು. ತಮಿಳಿನಲ್ಲಿ ಮುದುಕಿ ಎಂದರ್ಥ. ಲೇತು ನೋಡದವರಿಗೆ ಎರಡು ಮಾತು ಹೇಳಬೇಕು. ಕಬ್ಬಿಣದ ಸರಳನ್ನು ಚಕ್ಕು ಎಂಬ ದವಡೆಯಲ್ಲಿ ಕಚ್ಚಿಸಿ ಗಿರಗಿರ ತಿರುಗಿಸುತ್ತೇವೆ. ಹಿಡಿಕೆ ತಿರುಗಿಸಿದಂತೆ ಟೂಲು ಮುಂದೆ ಬಂದು ಅದನ್ನು ಸವೆಸುತ್ತದೆ. ಟೂಲು ಎಷ್ಟು ಮುಂದೆ ಬಂತು ಎಂಬುದನ್ನು ಹಿಡಿಕೆಯ ಬುಡದಲ್ಲಿರುವ ಡಯಲಿನ ಗೆರೆಗಳು ಹೇಳುತ್ತವೆ. ಕೂದಲಷ್ಟು ಜಾಸ್ತಿ ಸವೆದರೆ 'ಮೈನಸ್ ಹೋಯಿತು' ಎನ್ನುತ್ತೇವೆ, ಅದು ಗುಜರಿಗೆ. ಕಡಿಮೆ ಸವೆದರೆ 'ಪ್ಲಸ್', ಮತ್ತೊಮ್ಮೆ ಕಚ್ಚಿಸಿ ಸರಿಮಾಡಬಹುದು.

ಕಿಳವಿಯ ಡಯಲು ಸುಳ್ಳು ಹೇಳುತ್ತಿತ್ತು. ಒಳಗಿನ ಸ್ಕ್ರೂ ಮತ್ತು ಅದು ಓಡಾಡುವ ಗನ್‌ಮೆಟಲ್ ಎಂಬ ಕಂಚಿನ ನಟ್ಟು ಸವೆದು ಹೋಗಿದ್ದವು. ಹಿಡಿಕೆ ಮೊದಲು ಸ್ವಲ್ಪ ದೂರ ಸುಮ್ಮನೆ ತಿರುಗುತ್ತಿತ್ತು, ಆಮೇಲೆ 'ಕಟ್' ಎಂದು ಹಿಡಿತ ಸಿಗುತ್ತಿತ್ತು. ಸಿಕ್ಕ ಮೇಲೂ ಡಯಲು ತೋರಿಸಿದಷ್ಟು ಟೂಲು ಹೋಗುತ್ತಿರಲಿಲ್ಲ. ಗೆರೆ ದಾಟಿ ಇನ್ನೊಂದು ಚೂರು ಕೊಡಬೇಕು. ಎಷ್ಟು ಚೂರು ಎಂಬುದು ಮಣಿಕಟ್ಟಿಗೆ ಮಾತ್ರ ಗೊತ್ತು. ಮೇಸ್ತ್ರಿ ನನ್ನ ಕೈಮೇಲೆ ಕೈಯಿಟ್ಟು ಕಲಿಸಿದ್ದು ಅದನ್ನೇ. "ಕಿಳವಿ ಸುಳ್ಳು ಹೇಳ್ತಾಳೆ ಮುನಿ. ಆದ್ರೆ ದಿನಾ ಒಂದೇ ಸುಳ್ಳು. ಅಂಥವಳ ಜೊತೆ ಸಂಸಾರ ಮಾಡಬಹುದು" ಎನ್ನುತ್ತಿದ್ದರು.

ನಟ್ಟು ಬದಲಾಯಿಸೋಣ ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಕಿಳವಿಗೆ ಹೊಸ ಹಲ್ಲು ಕಟ್ಟಿಸಿದ್ರೆ ಊಟ ಸೇರಲ್ಲ ಪಾ" ಎಂದು ನಗಾಡಿ ತೇಲಿಸಿಬಿಡುತ್ತಿದ್ದರು. ಜಿಪುಣತನ ಎಂದುಕೊಂಡಿದ್ದೆ.

ಹೀಗೆ ವರ್ಷಗಳು ಹೋದವು. ಮದುವೆಯಾಯಿತು, ಮಗಳು ಹುಟ್ಟಿದಳು. ತೊಂಬತ್ತರ ದಶಕದ ನಡುವೆ ನನ್ನ ಹೆಂಡತಿ ರತ್ನಳಿಗೆ ಮೇಲುಸಿರು ಶುರುವಾಯಿತು. ಬೋರ್‌ವೆಲ್ಲಿನಿಂದ ಬಿಂದಿಗೆ ಹೊತ್ತು ಬರುವಷ್ಟರಲ್ಲಿ ಎರಡು ಕಡೆ ಕೂತು ಏಳುತ್ತಿದ್ದಳು. "ವಯಸ್ಸಾಯ್ತಲ್ಲ ರೀ" ಎಂದು ನಗುತ್ತಿದ್ದಳು, ಮೂವತ್ತು ದಾಟಿ ಎಷ್ಟೋ ದಿನವಾಗಿರಲಿಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೃದಯದ ಕವಾಟ ಕಿರಿದಾಗಿದೆ, ಆಪರೇಷನ್ ಆಗಬೇಕು, ತಡ ಮಾಡಬೇಡಿ ಎಂದರು. ಆಮೇಲೆ ನನ್ನನ್ನು ನೋಡಿ, "ಇ.ಎಸ್.ಐ. ಕಾರ್ಡ್ ಇದೆಯಾ?" ಎಂದು ಕೇಳಿದರು.

ಇರಲಿಲ್ಲ. ಮೇಸ್ತ್ರಿಯ ಶಾಪಿನಲ್ಲಿ ಇದ್ದವರೇ ನಾವಿಬ್ಬರು, ಅಲ್ಲಿ ಕಾರ್ಡು ಎಲ್ಲಿಂದ ಬರಬೇಕು? ದೊಡ್ಡ ಫ್ಯಾಕ್ಟರಿಯಲ್ಲಿದ್ದವರಿಗೆ ಹೆಂಡತಿ ಮಕ್ಕಳ ಆಸ್ಪತ್ರೆ ಆ ಕಾರ್ಡಿನಲ್ಲೇ ನಡೆಯುತ್ತಿತ್ತು. ಆವತ್ತು ಬಸ್ಸಿನಲ್ಲಿ ರತ್ನ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಕಾರ್ಡು ಕೊಡುವ ಕೆಲಸ ಹುಡುಕಬೇಕು ಎಂದು ನಾನು ಆ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಮೇಸ್ತ್ರಿಗೆ ಹೇಳಬಾರದು ಎಂದೂ ಆಗಲೇ ತೀರ್ಮಾನ ಮಾಡಿದೆ. ನಾನು ಹೋದರೆ ಶಾಪು ಮುಚ್ಚುತ್ತದೆ, ಸಿಗುವ ಮೊದಲೇ ಹೇಳಿ ಯಾಕೆ ನೋಯಿಸುವುದು?

ಆಗ ಕೆಲಸದ ಸುದ್ದಿ ಪೇಪರಿನಲ್ಲಿ ಬರುತ್ತಿರಲಿಲ್ಲ, ರಹಮತ್ ಭಾಯಿಯ ಸೈಕಲ್ಲಿನ ಮೇಲೆ ಬರುತ್ತಿತ್ತು. ಶಿವಾಜಿನಗರದವರು. ಹಳೆಯ ಮೈಕ್ರೋಮೀಟರು, ಡ್ರಿಲ್ಲು, ಟೂಲು ಚೀಲದಲ್ಲಿ ತುಂಬಿಕೊಂಡು ಹಲಸೂರಿನಿಂದ ಕೆ.ಆರ್. ಪುರದವರೆಗೆ ಶಾಪು ಶಾಪು ಸುತ್ತುತ್ತಿದ್ದರು. ಯಾವ ಫ್ಯಾಕ್ಟರಿಯಲ್ಲಿ ಯಾವ ಮೆಷಿನ್ನಿನ ಮುಂದೆ ಜನ ಇಲ್ಲ ಎಂಬುದು ಅಲ್ಲಿನ ಮ್ಯಾನೇಜರಿಗಿಂತ ಮೊದಲು ಅವರಿಗೆ ಗೊತ್ತು. ಮೇಸ್ತ್ರಿ ಟೀಗೆ ಹೋದಾಗ ಕಿವಿಗೆ ಬಾಯಿ ಇಟ್ಟು, "ಮುನಿ ಭಾಯ್, ಕೆ.ಆರ್. ಪುರದಲ್ಲಿ ಒಂದು ಜಾಗ ಖಾಲಿ ಐತೆ. ಟೈ ಗೀ ಕಟ್ಕೊಂಡು ಹೋಗ್ಬೇಡಿ, ಕೆಲಸ ಕೇಳೋಕೆ ಬಂದಿದಾರೋ ಸಾಲ ವಸೂಲಿಗೆ ಬಂದಿದಾರೋ ಅಂತ ಹೆದರ್ಕೋತಾರೆ" ಎನ್ನುತ್ತಿದ್ದರು.

ರಜಾಕ್ಕೆ ನೆಪ ಬೇಕಲ್ಲ, ನಮ್ಮ ಹೊಲದ ಕೇಸು ಕೈಹಿಡಿಯಿತು. "ಮೇಸ್ತ್ರಿ, ನಾಳೆ ಕೋರ್ಟು" ಎಂದರೆ ಸಾಕು, ತಲೆಯಾಡಿಸುತ್ತಿದ್ದರು. ನಾಲ್ಕಾರು ಸಲ ಆದಮೇಲೆ ಒಮ್ಮೆ ಟೂಲು ಸಾಣೆ ಹಿಡಿಯುತ್ತಾ, "ಯಾರು ಪಾ ಆ ಜಡ್ಜು? ನಿಮ್ಮಪ್ಪ ಇದ್ದಾಗ ವರ್ಷಕ್ಕೊಂದು ಸಲ ಕರೀತಿದ್ದ, ಈಗ ವಾರ ವಾರ ಕರೀತಾನೆ. ಸಂಬಂಧ ಗಿಂಬಂಧ ಬೆಳೆಸ್ತಿದ್ದಾನಾ?" ಎಂದರು. ನಾನು ಬೆಲ್ಟು ಸರಿಮಾಡುವವನಂತೆ ಬಗ್ಗಿಬಿಟ್ಟೆ.

ಎಷ್ಟೋ ಗೇಟುಗಳಲ್ಲಿ ವಾಚ್‌ಮನ್ನೇ ವಾಪಸ್ ಕಳಿಸಿದ. "ಐ.ಟಿ.ಐ. ಸರ್ಟಿಫಿಕೇಟ್ ಇದೆಯಾ? ಇಲ್ವಾ? ಮತ್ಯಾಕೆ ಬಂದ್ರಿ?" ನಾನು ಮಾಡಿದ ಶಾಫ್ಟುಗಳು ಅವರ ಫ್ಯಾಕ್ಟರಿಯ ಪಂಪಿನಲ್ಲೇ ತಿರುಗುತ್ತಿರಬಹುದು ಎಂದು ಹೇಳಲು ಬಾಯಿಗೆ ಬರುತ್ತಿತ್ತು. ಹೇಳದೆ ಬರುತ್ತಿದ್ದೆ. ಕೈಕಟ್ಟಿ ನಿಂತಿಲ್ಲ ಎಂದೆನಲ್ಲ, ಆ ದಿನಗಳಲ್ಲಿ ನಿಂತೆ.

ಕೆ.ಆರ್. ಪುರದ ಶಾಪಿನಲ್ಲಿ ಟೆಸ್ಟು ತೆಗೆದುಕೊಂಡರು. ನಮ್ಮ ಕಸುಬಿನಲ್ಲಿ ಬಾಯಿಮಾತಿನ ಇಂಟರ್‌ವ್ಯೂ ಕಡಿಮೆ, ಮೆಷಿನ್ನಿನ ಮುಂದೆ ನಿಲ್ಲಿಸಿ ಕೈ ನೋಡುತ್ತಾರೆ. ಅಲ್ಲಿನ ಓನರು ಚಕ್ಕು ಬಿಗಿಯುವ ಕೀಯನ್ನು ಬೇಕೆಂದೇ ಚಕ್ಕಿನಲ್ಲೇ ಬಿಟ್ಟು, "ಶುರು ಮಾಡಿ" ಎಂದ. ಹಾಗೆಯೇ ಸ್ವಿಚ್ಚು ಹಾಕಿದರೆ ಕೀ ಹಾರಿ ಹಲ್ಲೋ ಕಣ್ಣೋ ಹೋಗುತ್ತದೆ. ನಾನು ಕೀ ತೆಗೆದು ಅವನ ಅಂಗೈಗೆ ಇಟ್ಟೆ. "ಸಾರ್, ಇದು ನಿಮ್ದು." ಅವನು ನಕ್ಕು ಸೋಮವಾರದಿಂದ ಬಾ ಎಂದ. ಇ.ಎಸ್.ಐ. ಕೇಳಿದೆ. "ಅದೆಲ್ಲ ನಮ್ಮಲ್ಲಿ ಇಲ್ಲ ಗುರು." ಹಾಗಾದರೆ ನನಗೆ ಈ ಕೆಲಸ ಬೇಡ ಎಂದು ಬಂದುಬಿಟ್ಟೆ. ರಹಮತ್ ಭಾಯ್ ತಲೆ ಚಚ್ಚಿಕೊಂಡರು.

ಆಮೇಲೆ ಅವರೇ ತಂದದ್ದು ಕೆ.ಆರ್. ಪುರದ ಆಚೆಯ ಒಂದು ದೊಡ್ಡ ಫ್ಯಾಕ್ಟರಿಯ ಸುದ್ದಿ. ಸರ್ಟಿಫಿಕೇಟು ಕೇಳುವುದಿಲ್ಲ, ಟೆಸ್ಟು ಪಾಸಾಗಬೇಕು, ಕಾರ್ಡು ಗ್ಯಾರಂಟಿ. ಆ ದಿನ 'ಕೋರ್ಟಿಗೆ' ಹೊರಟಾಗ ರತ್ನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಗಾಬ್ರಿ ಆಗ್ಬೇಡ್ರಿ, ನಿಮ್ಮ ಕೈ ನಿಮ್ಗೆ ಗೊತ್ತಲ್ಲ" ಎಂದಳು.

ಅಂಥ ಲೇತನ್ನು ನಾನು ಮುಟ್ಟಿಯೇ ಇರಲಿಲ್ಲ. ಹಿಡಿಕೆ ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡುತ್ತಿತ್ತು. ಫೋರ್‌ಮನ್ ತಲೆ ನರೆತ ಮನುಷ್ಯ, ಮೆಷಿನ್ನಿನಿಂದಲೇ ಮೇಲೆ ಬಂದವರು ಎಂದು ಅವರ ಬೆರಳು ನೋಡಿದರೇ ತಿಳಿಯುತ್ತಿತ್ತು. ಒಂದು ಡ್ರಾಯಿಂಗು, ಒಂದು ಸರಳು ಕೊಟ್ಟು ಪಕ್ಕದಲ್ಲಿ ನಿಂತರು. ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಯ ಕಟ್ಟು, ಅಂದರೆ ಟೂಲಿನ ಕೊನೆಯ ಓಟ, ಹೊಡೆಯುವ ಮುಂಚೆ ಅಳೆದೆ, ಇನ್ನೆಷ್ಟು ತೆಗೆಯಬೇಕೋ ಅಷ್ಟನ್ನು ಡಯಲಿನಲ್ಲಿ ಕೊಟ್ಟೆ, ಕಟ್ಟು ಹೊಡೆದೆ. ರಿಬ್ಬನ್ನಿನಂತೆ ಚೂರು ಸುರುಳಿಯಾಗಿ ಬಿತ್ತು. ಮತ್ತೆ ಅಳೆದೆ.

ಮೈನಸ್.

ಫೋರ್‌ಮನ್ ಇನ್ನೊಂದು ಸರಳು ಕೊಟ್ಟರು. ಅದೂ ಮೈನಸ್, ಅಷ್ಟೇ ಮೈನಸ್. ಬೆವರು ಕಣ್ಣಿಗೆ ಇಳಿಯುತ್ತಿತ್ತು. ನನ್ನ ಅಳತೆಯಲ್ಲಿ ತಪ್ಪಿಲ್ಲ, ಡಯಲಿನಲ್ಲಿ ತಪ್ಪಿಲ್ಲ, ಎಲ್ಲಿ ಹೋಯಿತು ಎಂದು ತಿಳಿಯದೆ ಮಗುವಿನ ಹಾಗೆ ನಿಂತೆ. ಅವರು ನನ್ನ ಬಲಗೈಯನ್ನೇ ನೋಡುತ್ತಿದ್ದರು.

"ಯಾವ ಮೆಷಿನ್ ಮೇಲಿದ್ದೀರಿ ನೀವು?"

ಹೇಳಿದೆ.

"ಎಷ್ಟು ವರ್ಷದಿಂದ?"

"ಮೀಸೆ ಬರೋಕೆ ಮುಂಚಿಂದ ಸಾರ್."

"ಗೆರೆಗೆ ಬಂದು ನಿಲ್ಲಲ್ಲ ನಿಮ್ಮ ಕೈ. ದಾಟಿ ಒಂದು ಚೂರು ಕೊಡುತ್ತೆ. ನಿಮಗೇ ಗೊತ್ತಾಗಲ್ಲ. ಆ ಮೆಷಿನ್ ತಪ್ಪನ್ನ ನಿಮ್ಮ ಕೈ ತಿದ್ದುತ್ತೆ. ಇಲ್ಲಿ ತಿದ್ದೋಕೆ ತಪ್ಪೇ ಇಲ್ಲವಲ್ಲಪ್ಪ."

ಅವರು ಒಳ್ಳೆಯವರು. ದೀಪಾವಳಿ ಆದಮೇಲೆ ಇನ್ನೊಂದು ಸಲ ತೆಗೆದುಕೊಳ್ಳುತ್ತೇನೆ, ಅಷ್ಟರಲ್ಲಿ ಒಳ್ಳೆಯ ಮೆಷಿನ್ ಮೇಲೆ ಕೈ ಕೂರಿಸಿಕೊಂಡು ಬನ್ನಿ, ಆಗಲೂ ಹೀಗೇ ಆದರೆ ನನ್ನಿಂದ ಆಗಲ್ಲ ಎಂದರು. ಮನೆಗೆ ಬಂದು ರತ್ನಳಿಗೆ, "ದೀಪಾವಳಿ ಆದ್ಮೇಲೆ ಬಾ ಅಂದಿದ್ದಾರೆ" ಎಂದೆ. ಅಷ್ಟು ಮಾತ್ರ ಹೇಳಿದೆ. ಅವಳು ದೇವರಿಗೆ ಕೈಮುಗಿದಳು.

ಒಳ್ಳೆಯ ಮೆಷಿನ್ನು ಎಲ್ಲಿಂದ ತರಲಿ? ನನಗಿದ್ದದ್ದು ಕಿಳವಿ. ಆಗ ಒಂದು ದಡ್ಡ ಯೋಚನೆ ಹೊಳೆಯಿತು. ಕಿಳವಿಯ ಮೇಲೆಯೇ ಕೈಯನ್ನು ಗೆರೆಗೆ ಸರಿಯಾಗಿ ನಿಲ್ಲಿಸುವ ಅಭ್ಯಾಸ ಮಾಡುವುದು, ಜಾಬು, ಅಂದರೆ ಸವೆಸುವ ಸರಳು, ಪ್ಲಸ್ ಉಳಿಯುತ್ತದೆ, ಆಮೇಲೆ ಇನ್ನೊಮ್ಮೆ ಕಚ್ಚಿಸಿ ಸರಿಮಾಡುವುದು. ದಿನಾ ಹಾಗೇ ಮಾಡುತ್ತಿದ್ದೆ. ಒಂದು ದಿನ ಒಂದು ಕಂತೆ ಶಾಫ್ಟು ಸರಿಮಾಡುವುದಕ್ಕೆ ಮುಂಚೆಯೇ ಗಿರಾಕಿ ಬಂದು ಎತ್ತಿಕೊಂಡು ಹೋದ. ನನ್ನ ತಲೆಯೆಲ್ಲ ರತ್ನಳ ಆ ದಿನದ ಕೆಮ್ಮಿನಲ್ಲಿತ್ತು.

ಮಾರನೇ ದಿನ ಆ ಗಿರಾಕಿ, ಪಂಪ್ ರಿಪೇರಿ ರೆಡ್ಡಿ, ಶಾಫ್ಟುಗಳ ಗೋಣಿಯನ್ನು ಬಾಗಿಲಲ್ಲಿ ಕುಕ್ಕಿದ. "ಏನ್ ಮೇಸ್ತ್ರಿ ಇದು? ಒಂದೂ ಬೇರಿಂಗ್ ಒಳಗೆ ಹೋಗ್ತಿಲ್ಲ. ನಾನೇನು ಅತ್ತೆ ಮನೆಗೆ ಬಳೆ ತಗೊಂಡು ಹೋಗಿದ್ನಾ, ಸೋಪು ಹಚ್ಚಿ ತೂರಿಸೋಕೆ?"

ಮೇಸ್ತ್ರಿ ಸಮಾಧಾನ ಮಾಡಿ ಕಳಿಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತು ಒಂದೊಂದೇ ಶಾಫ್ಟು ತೆಗೆದು, ಮೈಕ್ರೋಮೀಟರು ಹಾಕದೆ, ಕ್ಯಾಲಿಪರಿನ ಎರಡು ಕಾಲುಗಳ ನಡುವೆ ತೂರಿಸಿ ಬೆರಳಿನಲ್ಲೇ ನೋಡಿದರು. ಗೋಣಿ ಖಾಲಿಯಾಯಿತು.

"ಕುಡಿದವನ ಕೈ ಆದ್ರೆ ಒಂದು ಹಂಗೆ ಒಂದು ಹಿಂಗೆ ತಪ್ಪುತ್ತೆ. ನಿದ್ದೆಗೆಟ್ಟವನ ಕೈನೂ ಹಂಗೇನೇ. ಇದು ಎಲ್ಲಾ ಒಂದೇ ಥರ ತಪ್ಪಿದೆ. ಕಿಳವಿ ಮಾತನ್ನ ನಂಬಿ ಮಾಡಿದ್ದೀಯ. ಬೇರೆ ಮೆಷಿನ್‌ಗೆ ಕೈ ಕೂರಿಸ್ತಿದ್ದೀಯ." ತಲೆಯೆತ್ತಿದರು. "ಎಲ್ಲಿ ಟೆಸ್ಟು ಕೊಟ್ಟೆ?"

ನಾನು ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ. ಫ್ಯಾಕ್ಟರಿಯ ಹೆಸರು ಹೇಳಿದೆ, ಮೈನಸ್ ಹೋದದ್ದು ಹೇಳಿದೆ, ರತ್ನಳ ಕವಾಟ, ಡಾಕ್ಟರು ಕೇಳಿದ ಕಾರ್ಡು, ದೀಪಾವಳಿ, ಎಲ್ಲ ಹೇಳಿದೆ.

"ನಂಗೆ ಯಾಕೆ ಹೇಳ್ಲಿಲ್ಲ?"

"ನಾನು ಹೋದ್ರೆ ಶಾಪಿನ ಗತಿ ಏನು ಮೇಸ್ತ್ರಿ?"

"ಅದನ್ನ ನಾನು ಕೇಳ್ದೆನಾ? ಆ ಹುಡುಗಿಗೆ ಹುಷಾರಿಲ್ಲ ಅಂತ ಯಾಕೆ ಹೇಳ್ಲಿಲ್ಲ? ಪೊಂಗಲ್‌ಗೆ ನನ್ನ ಎಲೆಗೆ ಬಡಿಸಿದವಳಲ್ವಾ ಅವಳು?" ಧ್ವನಿ ಏರಿತ್ತು. ಮೇಲಿನಿಂದ ಸೆಲ್ವಿಯಕ್ಕ ಇಣುಕಿ ನೋಡಿದರು. "ಎನ್ನ ಅಣ್ಣಾ?" ಎಂದು ತಮಿಳಿನಲ್ಲಿ ಏನಾಯಿತೆಂದು ಕೇಳಿದರು. ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡು ಟೀಗೆ ಹೋದರು. ದಿನಾ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದವರು. ಅಂದು ನನ್ನನ್ನು ಕರೆಯಲಿಲ್ಲ.

ದಸರಾ ಹಬ್ಬದವರೆಗೂ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಆಯುಧಪೂಜೆಗೆ ನಮ್ಮ ಶಾಪಿನಲ್ಲಿ ಒಂದು ಪದ್ಧತಿ. ಹಬ್ಬದ ಹಿಂದಿನ ದಿನ ಕಿಳವಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸುವುದು, ಪೂಜೆಯಾದ ಮೇಲೆ ವಿಜಯದಶಮಿ ಕಳೆಯುವವರೆಗೆ ಅವಳನ್ನು ಯಾರೂ ಓಡಿಸುವಂತಿಲ್ಲ. ಮತ್ತೆ ಕೆಲಸ ಶುರುವಾಗುವ ದಿನ ಮೊದಲ ಕಟ್ಟು ಮೇಸ್ತ್ರಿಯೇ ಹೊಡೆಯಬೇಕು. ಆ ವರ್ಷ ತೊಳೆಯುವ ದಿನ ನಾನು ಬಂದಾಗ, "ನೀನು ಮನೆಗೆ ಹೋಗು, ಹುಡುಗಿಯನ್ನ ನೋಡ್ಕೋ" ಎಂದು ಬಾಗಿಲಿಂದಲೇ ಕಳಿಸಿಬಿಟ್ಟರು. ಕಿಳವಿಯನ್ನು ಮುಟ್ಟಗೊಡದಷ್ಟು ಕೋಪ ಬಂದಿದೆ ಎಂದುಕೊಂಡೆ. ಪೂಜೆಗೆ ಬಂದೆ. ಕುಂಕುಮ, ನಿಂಬೆಹಣ್ಣು, ಬಾಳೆಕಂದು, ಸೆಲ್ವಿಯಕ್ಕನ ಕಡಲೆ ಸುಂಡಲ್, ಎಲ್ಲ ಎಂದಿನಂತೆಯೇ. ಮೇಸ್ತ್ರಿಯ ಬೆರಳಿನಲ್ಲಿ ಹೊಸ ಗಾಯದ ಬಟ್ಟೆಯಿತ್ತು.

ಕೆಲಸ ಶುರುವಾದ ದಿನ ಬೆಳಿಗ್ಗೆ ಅವರು ಹಿಡಿಕೆಯಿಂದ ಪಕ್ಕಕ್ಕೆ ಸರಿದು ನಿಂತರು. "ಮೊದಲ ಕಟ್ಟು ನೀನೇ ತಗೋ."

"ಏನ್ ಮೇಸ್ತ್ರಿ, ಪದ್ಧತಿ..."

"ತಗೋ ಅಂದೆ."

ಹಿಡಿಕೆ ಮುಟ್ಟಿದ ಕೂಡಲೇ ನನಗೆ ಗೊತ್ತಾಯಿತು. ಸುಮ್ಮನೆ ತಿರುಗುವ ಆ ಸಡಿಲ ಇರಲಿಲ್ಲ. ಆ 'ಕಟ್' ಇರಲಿಲ್ಲ. ಹಿಡಿಕೆ ತಿರುಗಿದಷ್ಟೂ ಟೂಲು ಹೋಗುತ್ತಿತ್ತು. ಶಾಪು ಮುಚ್ಚಿದ್ದ ದಿನಗಳಲ್ಲಿ ಮೇಸ್ತ್ರಿ ಒಬ್ಬರೇ ಕೂತು ಕಿಳವಿಯನ್ನು ಬಿಚ್ಚಿ, ರಹಮತ್ ಭಾಯಿಯಿಂದ ತರಿಸಿದ ಸ್ಕ್ರೂ ಹಾಕಿ, ಪೂಜೆಗೆ ಮುಂಚೆ ಅವಳ ಮೇಲೇ ಮಾಡಿಕೊಂಡಿದ್ದ ಹೊಸ ಗನ್‌ಮೆಟಲ್ ನಟ್ಟು ಕೂರಿಸಿದ್ದರು. ನಾನು ಕಟ್ಟು ಹೊಡೆದೆ. ಹಳೇ ಚಾಳಿ, ಮೈನಸ್ ಹೋಯಿತು. ಮೇಸ್ತ್ರಿ ಎಷ್ಟೋ ದಿನದ ಮೇಲೆ ನಕ್ಕರು.

"ಈಗ ಅವಳು ನಿಜ ಹೇಳ್ತಿದ್ದಾಳೆ ಮುನಿ. ನೀನು ಮಧ್ಯೆ ಬಾಯಿ ಹಾಕ್ಬೇಡ."

ದೀಪಾವಳಿಗೆ ಹೆಚ್ಚು ದಿನ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಕಿಳವಿಯ ಮುಂದೆ ನಿಂತೆ. ಮೊದಮೊದಲು ಕೈ ಕೇಳಲಿಲ್ಲ. ಮಣಿಕಟ್ಟಿಗೆ ಒಂದು ದಾರ ಕಟ್ಟಿಕೊಂಡೆ, ಅದನ್ನು ನೋಡಿದಾಗಲೆಲ್ಲ 'ಗೆರೆಗೆ ನಿಲ್ಲು' ಎಂದು ಹೇಳಿಕೊಳ್ಳಲು. ನಿಧಾನಕ್ಕೆ ಕೈ ನಿಂತಿತು. ನಾನು ಎಷ್ಟು ಖುಷಿಯಲ್ಲಿದ್ದೆ ಎಂದರೆ ಮೇಸ್ತ್ರಿಯ ಕಡೆ ನೋಡಲೇ ಇಲ್ಲ.

ನೋಡಿದ್ದು ಕಬ್ಬಿಣದ ಚೂರು ತುಂಬುವ ಡ್ರಮ್ಮನ್ನು ಖಾಲಿ ಮಾಡುವಾಗ. ಚೂರಿನ ಅಡಿಯಲ್ಲಿ ಶಾಫ್ಟುಗಳು ಸಿಕ್ಕವು. ನನ್ನವಲ್ಲ. ದಿನಾ ಬೆಳಿಗ್ಗೆ ನಾನು ಬರುವ ಮೊದಲು ನಾಜೂಕಿನ ಜಾಬುಗಳನ್ನು ಮೇಸ್ತ್ರಿಯೇ ಮುಗಿಸುತ್ತಿದ್ದರು, ಅದು ಮೊದಲಿನಿಂದ ಬಂದದ್ದು. ಇವು ಅವರು ಮಾಡಿದವು. ಅಳೆದು ನೋಡಿದೆ. ಒಂದು ಮೈನಸ್, ಒಂದು ಪ್ಲಸ್, ಒಂದು ಭಾರೀ ಮೈನಸ್. ಒಂದು ಹಂಗೆ, ಒಂದು ಹಿಂಗೆ.

ಆವಾಗ ಹೊಳೆಯಿತು, ಅವರು ಡಯಲಿನ ಕಡೆ ನೋಡುವುದನ್ನು ನಾನು ಬಹಳ ವರ್ಷಗಳಿಂದ ಕಂಡೇ ಇಲ್ಲ ಎಂದು. ಗೆರೆ ಓದಬೇಕಾದ ಮೈಕ್ರೋಮೀಟರು ಬಿಟ್ಟು ಕ್ಯಾಲಿಪರು ಹಿಡಿದದ್ದು, ಬಿಲ್ಲಿನ ಅಂಕಿಗಳನ್ನು ನನ್ನಿಂದಲೇ ಓದಿಸುತ್ತಿದ್ದದ್ದು, ಟೀ ಲೋಟವನ್ನು ಮೇಜಿನ ಅಂಚು ಸವರಿ ಇಡುತ್ತಿದ್ದದ್ದು, ಎಲ್ಲ ಒಂದಕ್ಕೊಂದು ಸೇರಿಕೊಂಡವು. ಅವರ ಕಣ್ಣು ಹೋಗಿ ಎಷ್ಟೋ ಕಾಲವಾಗಿತ್ತು. ಗೆರೆ ಅವರಿಗೆ ಕಾಣುತ್ತಿರಲಿಲ್ಲ. ಸಡಿಲ ಮುಗಿದು 'ಕಟ್' ಎಂದು ಹಿಡಿತ ಸಿಗುವ ಆ ಜಾಗದಿಂದ ಮಣಿಕಟ್ಟಿನಲ್ಲಿ ಲೆಕ್ಕ ಹಿಡಿದು ಅವರು ಕೆಲಸ ಮಾಡುತ್ತಿದ್ದರು. ಕಿಳವಿಯ ಸುಳ್ಳೇ ಅವರ ಕಣ್ಣಾಗಿತ್ತು. ಅದಕ್ಕೇ ಇಷ್ಟು ವರ್ಷ ನಟ್ಟು ಬದಲಾಯಿಸಲು ಬಿಟ್ಟಿರಲಿಲ್ಲ.

ನಾನು ಎರಡು ಶಾಫ್ಟು ಹಿಡಿದು ಅವರ ಮುಂದೆ ನಿಂತೆ. ಅವರು ಅವನ್ನು ಕೈಗೆ ತೆಗೆದುಕೊಂಡು ಸವರಿದರು.

"ಚೂರಿನ ಕೆಳಗೆ ಹಾಕಿದ್ದೆ. ಎಲ್ಲಾ ಕಡೆ ಕೈ ಹಾಕ್ತೀಯ ನೀನು."

"ಹಳೇ ನಟ್ಟು ಎಲ್ಲಿ ಮೇಸ್ತ್ರಿ? ಇವತ್ತೇ ಹಾಕ್ಬಿಡ್ತೀನಿ. ನಂಗೆ ಕೈ ಕೂತಿದೆ, ಸಾಕು."

"ಇಲ್ಲ."

"ಎಲ್ಲಿಟ್ಟಿದ್ದೀರಿ ಹೇಳಿ."

ಅವರು ಡ್ರಿಲ್ಲಿಂಗ್ ಮೆಷಿನ್ನಿನ ಕೆಳಗಿನ ಡಬ್ಬಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದರು. ಹಳೆಯ ನಟ್ಟು ಅದರಲ್ಲಿತ್ತು, ಹ್ಯಾಕ್‌ಸಾ ಗರಗಸದಲ್ಲಿ ಕೊಯ್ದು ಎರಡು ಹೋಳಾಗಿ.

"ನಿನ್ನನ್ನ ನನಗೆ ಗೊತ್ತಿಲ್ವಾ? ಗೊತ್ತಾದ ದಿನ ವಾಪಸ್ ಹಾಕ್ತೀಯ, ಟೆಸ್ಟಿಗೂ ಹೋಗಲ್ಲ ಅಂತೀಯ. ಅದಕ್ಕೆ ಮೊದಲೇ ಕೊಯ್ದಿಟ್ಟೆ." ಡಬ್ಬಿಯನ್ನು ವಾಪಸ್ ಒಳಗೆ ತಳ್ಳಿ, "ಆ ಹುಡುಗಿಗೆ ಹೇಳ್ಬೇಡ. ಉಸಿರು ಎಳೆಯೋವಾಗೆಲ್ಲ ನೆನಪಾಗುತ್ತೆ ಅವಳಿಗೆ" ಎಂದರು.

ದೀಪಾವಳಿ ಕಳೆದು ಟೆಸ್ಟಿಗೆ ಹೋದೆ. ಕೈ ಗೆರೆಗೆ ನಿಂತಿತು. ಫೋರ್‌ಮನ್ ಜಾಬು ಅಳೆದು, ನನ್ನ ಮಣಿಕಟ್ಟಿನ ದಾರ ನೋಡಿ, "ಯಾವ ದೇವರದು?" ಎಂದು ಕೇಳಿದರು. ಹಲಸೂರಿನದು ಎಂದೆ.

ಕಾರ್ಡು ಬಂತು. ಕಾಯುವುದು ಇದ್ದೇ ಇತ್ತು, ಆದರೆ ರತ್ನಳ ಹೆಸರು ಒಂದು ಕಡೆ ಬರೆದಾಗಿತ್ತು, ಅದೇ ಧೈರ್ಯ. ಆಪರೇಷನ್ ಆಯಿತು. ಆಮೇಲೆ ಅವಳು ಬಿಂದಿಗೆ ಹೊತ್ತು ಎಲ್ಲೂ ಕೂರದೆ 'ನೋಡ್ರಿ' ಎಂದು ಅಂಗಳಕ್ಕೆ ಬಂದದ್ದು ನನ್ನ ಕಣ್ಣಲ್ಲಿದೆ. ಮಗಳ ಮದುವೆ ನೋಡಿದಳು, ಮೊಮ್ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು.

ಫ್ಯಾಕ್ಟರಿಯ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಎರಡು ಸಾವಿರ ಇಸವಿ ದಾಟಿದ ಮೇಲೆ ಕಂಪ್ಯೂಟರ್ ಮೆಷಿನ್ನುಗಳು ಬಂದವು. ಅಲ್ಲಿ ಹಿಡಿಕೆಯೇ ಇಲ್ಲ, ನಂಬರು ಒತ್ತಿ ಬಾಗಿಲು ಮುಚ್ಚಿದರೆ ಒಳಗೆ ಅದೇ ಕೆಲಸ ಮಾಡಿಕೊಳ್ಳುತ್ತದೆ. ನಂಬರು ಒತ್ತುವುದನ್ನು ನಾನೂ ಕಲಿತೆ. ಇವತ್ತು ಕೆಲಸಕ್ಕೆ ಸೇರುವ ಹುಡುಗರ ಕೈಗೆ ಯಾವ ಮೆಷಿನ್ನಿನ ಚಾಳಿಯೂ ಹತ್ತುವುದಿಲ್ಲ. ಒಂದು ಬಿಟ್ಟು ಒಂದಕ್ಕೆ ಸಲೀಸಾಗಿ ಹೋಗಬಹುದು. ಅದು ಒಳ್ಳೆಯದೇ ಇರಬೇಕು.

ನಾನು ಬಿಟ್ಟ ಮೇಲೆ ಮೇಸ್ತ್ರಿ ಸ್ವಲ್ಪ ದಿನ ಡ್ರಿಲ್ಲಿಂಗ್ ಕೆಲಸ ಮಾತ್ರ ಹಿಡಿದರು. ರೆಡ್ಡಿ ಬೇರೆ ಕಡೆ ಹೋದ. ಆಮೇಲೆ ಶಾಪಿನ ಬಾಗಿಲು ಅರ್ಧ ತೆರೆದಿರುತ್ತಿತ್ತು, ಒಳಗೆ ಮೆಷಿನ್ನಿನ ಸದ್ದಿರುತ್ತಿರಲಿಲ್ಲ. ನಾನು ಭಾನುವಾರ ಭಾನುವಾರ ಹೋಗುತ್ತಿದ್ದೆ. ಕಣ್ಣಿನ ಆಪರೇಷನ್ ಮಾಡಿಸೋಣ ಎಂದು ಕರೆದುಕೊಂಡು ಹೋದೆ. ಆಪರೇಷನ್ನಿನಿಂದ ದೃಷ್ಟಿ ಬರುವ ಕಾಲ ದಾಟಿಹೋಗಿದೆ, ಒಳಗಿನ ನರ ಹೋಗಿದೆ ಎಂದರು ಡಾಕ್ಟರು. ಕಿಳವಿಯ ಪಕ್ಕದ ಸ್ಟೂಲಿನಲ್ಲಿ ಕೂತು ಅವರು ರೇಡಿಯೋ ಕೇಳುತ್ತಿದ್ದರು. ಬಲಗೈ ಹಿಡಿಕೆಯ ಮೇಲೇ ಇರುತ್ತಿತ್ತು. ಒಮ್ಮೊಮ್ಮೆ ಒಂದಿಷ್ಟು ತಿರುಗಿಸಿ ತಡೆದು ನಿಲ್ಲುತ್ತಿದ್ದರು, ಯಾರೋ ಬಾಗಿಲು ತಟ್ಟಿದ್ದು ಸರಿಯಾಗಿ ಕೇಳಲಿಲ್ಲವೇನೋ ಎನ್ನುವ ಹಾಗೆ.

ಹಬ್ಬ ಬಂದರೆ ರತ್ನ ಒಬ್ಬಟ್ಟು ಕಟ್ಟಿಕೊಡುತ್ತಿದ್ದಳು. "ಮೇಸ್ತ್ರಿಗೆ ಮೆತ್ತಗಿರೋದೇ ತೆಗೆದಿಟ್ಟಿದ್ದೀನಿ, ಮೇಲಿನ ಡಬ್ಬಿ ಅವರ್ದು." ಮೇಸ್ತ್ರಿ ತೀರಿಕೊಂಡ ದಿನ ನಾನೂ ಅವಳೂ ಇಬ್ಬರೇ ಹಲಸೂರಿನಿಂದ ಬಸ್ಸಿನಲ್ಲಿ ಮನೆಗೆ ಬಂದೆವು. ಸೆಲ್ವಿಯಕ್ಕನನ್ನು ತಬ್ಬಿ ಅತ್ತು ಅವಳ ಕಣ್ಣು ಊದಿದ್ದವು. ಕಿಟಕಿಯ ಹೊರಗೆ ನೋಡುತ್ತಾ ಇದ್ದಕ್ಕಿದ್ದಂತೆ ಕೇಳಿದಳು.

"ಅಲ್ಲ ರೀ, ಅಷ್ಟು ಒಳ್ಳೇ ಕೆಲಸಗಾರರು. ನೀವು ಬಿಟ್ಟ ಮೇಲೆ ಅವರು ಮೆಷಿನ್ನೇ ಓಡಿಸ್ಲಿಲ್ಲ ಅಂತಾರಲ್ಲ, ಯಾಕೆ?"

ಅವಳು ಏದುಸಿರಿಲ್ಲದೆ ಮಾತಾಡುತ್ತಿದ್ದಳು. ಬಸ್ಸಿನ ಸದ್ದಿನ ನಡುವೆಯೂ ನನಗೆ ಅವಳ ಉಸಿರು ಕೇಳುತ್ತಿತ್ತು, ಸಮನಾಗಿ.

"ವಯಸ್ಸಾಗಿತ್ತು" ಎಂದೆ.

"ಹೂಂ, ಪಾಪ" ಎಂದು ಅವಳು ನನ್ನ ಹೆಗಲಿಗೆ ಒರಗಿದಳು.